ತೊಡಿಸಿದಳು

ನಿಲಂಗಾ
19 ನವೆಂಬರ್ 2023

ಶಿವಕಾಂತಾ,

ನಿನ್ನ ಹೆಸರಿನ ಮುಂದೆ ‘ಪ್ರಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಗೀಟಿನ ಕೆಳಗೆ ಅದು ಕಾಣುತ್ತಿದ್ದರೆ ಕಾಣಲಿ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಕಾಲೇಜಿನ ಮೂರು ವರ್ಷವೂ ಹಾಗೇ ಆಯಿತು. ಕಾಗದದ ಮೇಲೆ ಹೂಂ ಅನ್ನಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ದೀಪಾವಳಿ ಸಂಚಿಕೆ ಬಂತು. ಇಂಗ್ಲಿಷಿನ ಟಿಲ್ಡಾ ಕಾದಂಬರಿಯ ನಮ್ಮ ಅನುವಾದದ ಏಳನೇ ಅಧ್ಯಾಯ ಅಚ್ಚಾಗಿದೆ, ಇಬ್ಬರ ಹೆಸರೂ ಇದೆ ಎಂದು ನೀನು ಚೀಟಿ ಇಟ್ಟಿದ್ದೆ. ನನ್ನ ಹೆಸರು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆದವಳಿಗೆ ಕನ್ನಡ ಅಕ್ಷರ ಹೇಗೆ ಬಂದೀತು? ಪುಸ್ತಕದ ಕನ್ನಡವನ್ನು ನಾನು ಕಲಿತದ್ದು ಕಿವಿಯಿಂದ, ನೀನು ಬಸ್ ಸ್ಟ್ಯಾಂಡಿನಲ್ಲಿ ಓದಿ ಹೇಳಿದ ಕಥೆಗಳಿಂದ. ಇವತ್ತಿಗೂ ಕನ್ನಡ ಬರೆಯುವುದು ಮರಾಠಿಯ ನಾಗರಿ ಲಿಪಿಯಲ್ಲಿ, ಈ ಕಾಗದದಂತೆ.

ಹಾಗಾಗಿ ನಮ್ಮ ಝೆರಾಕ್ಸ್ ಅಂಗಡಿಯ ಪಕ್ಕದ ಮನೆಯ ಅನುಸೂಯಾಬಾಯಿಯವರನ್ನು ಕರೆದೆ. ಅವರ ತವರು ಹುಮನಾಬಾದ ಕಡೆ, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ನಮ್ಮ ಗುರಮ್ಮಜ್ಜಿಯೂ ಕುರಿಗಳಿಗೆ ಜಂತಿನ ಔಷಧಿ ಒಯ್ಯಲು ಬಂದವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಟಿಲ್ಡಾಳ ಕಥೆಯನ್ನು ನಾನು ಅಜ್ಜಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಕೆಗೆ ಅವಳು ತಿಲಕಾಬಾಯಿ. ಅಮೆರಿಕದ ಬಯಲಿನಲ್ಲಿ ಗಂಡ ಸತ್ತ ಮೇಲೆ ಒಬ್ಬಳೇ ನಾನೂರು ಕುರಿ ಕಾದವಳು, ಆದ್ದರಿಂದ ನಮ್ಮವಳೇ ಎಂದು ಅಜ್ಜಿ ತೀರ್ಮಾನಿಸಿ ವರ್ಷವಾಯಿತು.

ಅನುಸೂಯಾಬಾಯಿ ಕನ್ನಡಕ ಏರಿಸಿ ಓದಿದರು: ‘ಟಿಲ್ಡಾ ಮರಿಗೆ ಕುಣಿ ತೋಡಿಸಿದಳು. ಮಣ್ಣಿನ ಮೇಲೆ ಬಿಳಿ ಹೂವಿಟ್ಟಳು. ಅನಾಥ ಮರಿ ತಾಯಿಯ ಹಾಲು ಕುಡಿಯತೊಡಗಿತು.’

ಅಜ್ಜಿ ತಡೆಯುವಂತೆ ಕೈ ಎತ್ತಿದಳು.

“ಥಾಂಬಾ, ಥಾಂಬಾ. ಕುಣಿ ತೋಡ್ಯಾರ ಅಂದಮ್ಯಾಲ ಆ ಕುರಿ ಇನ್ನೊಂದು ಮರಿಗಿ ಹಾಲ ಹ್ಯಾಂಗ ಕೊಟ್ತು?”

“ಬರದಂಗ ಓದೀನ್ರೀ ನಾ,” ಎಂದರು ಅನುಸೂಯಾಬಾಯಿ.

“ಹೂವ ನೋಡಿ ಕೊಟ್ತೇನು? ಕುರಿ ಮೂಗಲೆ ನೋಡ್ತದ ಯವ್ವಾ, ಕಣ್ಣಲೆ ಅಲ್ಲ. ತಿಲಕಾಬಾಯಿ ಹುಚ್ಚಿ ಆಗ್ಯಾಳೇನ?”

ಇಂಗ್ಲಿಷಿನ ಒಂದಕ್ಷರ ಬಾರದ ನನ್ನ ಅಜ್ಜಿ ಮೂರು ಸಾಲಿನಲ್ಲಿ ಹಿಡಿದ ತಪ್ಪನ್ನು ಎಂ.ಎ. ಓದುವ ನೀನು ಅಚ್ಚಿಗೆ ಹೋಗಲು ಬಿಟ್ಟೆ.

ಮೂಲದಲ್ಲಿ ಏನಿದೆ ಎಂದು ನೆನಪಿಸಲೇ? ಒಂದು ಕುರಿಯ ಮರಿ ಸತ್ತಿದೆ. ಇನ್ನೊಂದು ಮರಿಯ ತಾಯಿ ಸತ್ತಿದೆ. ಬೇರೆ ಮರಿಯನ್ನು ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಟಿಲ್ಡಾ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಗೆ ತೊಡಿಸುತ್ತಾಳೆ. ವಾಸನೆ ಹಿಡಿದು ತಾಯಿ ಹಾಲು ಕೊಡುತ್ತದೆ. ತನ್ನ ಕೂಸನ್ನು ಕಳೆದುಕೊಂಡ ಟಿಲ್ಡಾ ಕೊನೆಗೆ ಯಾರದೋ ಕೂಸನ್ನು ಮಡಿಲಿಗೆ ತೆಗೆದುಕೊಳ್ಳುತ್ತಾಳಲ್ಲ, ಅದರ ಬೇರು ಇಲ್ಲಿದೆ. ಇದನ್ನು ತೆಗೆದರೆ ಮಿಕ್ಕ ಮುನ್ನೂರು ಪುಟ ಯಾತಕ್ಕೆ?

ಈ ಕಾದಂಬರಿಯ ಮೇಲೆ ಬಂದ ಮೂರು ಸಿನಿಮಾಗಳನ್ನೂ ಕಾಲೇಜಿನ ಕಂಪ್ಯೂಟರ್ ಖೋಲಿಯಲ್ಲಿ ಕೂತು ಬೈದವರು ನಾವು. ಕಪ್ಪುಬಿಳುಪಿನದರಲ್ಲಿ ಬಾಗಿಲು ಮುಚ್ಚುತ್ತದೆ, ಒಳಗೆ ಏನಾಯಿತೋ ಕಾಣುವುದಿಲ್ಲ. ಎರಡನೆಯದರಲ್ಲಿ ಟಿಲ್ಡಾ ಗುಲಾಬಿ ಲಂಗ ಹಾಕಿ, ಹಾಡುತ್ತ, ಶೀಸೆಯಿಂದ ಹಾಲು ಕುಡಿಸುತ್ತಾಳೆ. ಮೂರನೆಯದರಲ್ಲಿ ಚಾಕು ಹಿಡಿಯುವವನು ನೆರೆಯ ಗಂಡಸು, ಆಕೆ ಹೊರಗೆ ನಿಂತು ಅಳುತ್ತಾಳೆ. ಆವತ್ತು ನೀನೇ ಮೇಜು ಗುದ್ದಿ ಹೇಳಿದ್ದೆ, “ಇವರ್ಯಾರೂ ಆಕಿ ಕೈ ತೋರಸಾಕ ತಯಾರಿಲ್ಲ. ನಾವು ತೋರಸೋಣ.”

ತೋರಿಸಿದ್ದು ಕುಣಿ. ಮೂರು ಸಿನಿಮಾ ಸಾಲಲಿಲ್ಲವೆಂದು ನಾಲ್ಕನೆಯದನ್ನು ನೀನು ತೆಗೆದೆ.

ಇಡೀ ಅನುವಾದ ಪುಸ್ತಕವಾಗಿ ಬರುವುದರೊಳಗೆ ಆ ಸಾಲು ಸರಿಯಾಗಬೇಕು. ಇಲ್ಲದಿದ್ದರೆ ಅದರ ಮೇಲೆ ನನ್ನ ಹೆಸರು ಬೇಡ.

ಮನಿಷಾ


ಕಲಬುರಗಿ
2 ಡಿಸೆಂಬರ್ 2023

ಪ್ರಿಯ ಮನಿಷಾ,

ನಾನು ‘ಪ್ರಿಯ’ವನ್ನು ಹೊಡೆದು ಹಾಕಿಲ್ಲ, ನೋಡಿಕೊ. ನೀನು ಓದಲೆಂದು ನಾಗರಿಯಲ್ಲೇ ಬರೆಯುತ್ತಿದ್ದೇನೆ. ಅಭ್ಯಾಸ ತಪ್ಪಿ ಕೈ ನೋಯುತ್ತದೆ.

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು. ಅನುವಾದದ ವಹಿ ನಿನ್ನದು, ಅಕ್ಷರ ನಿನ್ನದು. ಅದನ್ನು ಕನ್ನಡ ಲಿಪಿಗೆ ಇಳಿಸಿ ಬೆರಳಚ್ಚು ಮಾಡಿದವರು ಪ್ರಕಾಶನದ ನಾಗನಾಥ ಸರ್. ನೀನು ಬರೆದದ್ದು ಎರಡು ಮೂರು ಶಬ್ದದ ಚಿಕ್ಕ ವಾಕ್ಯ: ‘ಮರಿಗೆ ತೊಡಿಸಿದಳು.’ ನಾಗರಿಯಲ್ಲಿ ಒಕಾರ ಒಂದೇ. ಗಿಡ್ಡವೋ ಉದ್ದವೋ ಓದುವವನ ಪಾಡು. ಸರ್ ‘ತೋಡಿಸಿದಳು’ ಎಂದು ಓದಿದರು. ಏನನ್ನು ತೋಡಿಸಿದಳು ಎಂದು ವಾಕ್ಯದಲ್ಲಿ ಇರಲಿಲ್ಲ. ಮರಿ ಸತ್ತಿದೆ, ಅಂದಮೇಲೆ ಕುಣಿಯೇ ಇರಬೇಕೆಂದು ಅವರೇ ‘ಕುಣಿ’ ಸೇರಿಸಿದರು. ಹೂವೂ ಅವರದೇ. ಕರಡಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ದೀರ್ಘಕ್ಕೆ ಇಷ್ಟು ಸಿಟ್ಟೇ? ಸಂಚಿಕೆ ಓದಿದವರು ಬಹಳ ಮೆಚ್ಚಿದ್ದಾರೆ. ಹೂವಿಟ್ಟದ್ದು ಮನಸ್ಸಿಗೆ ತಟ್ಟಿತು ಎಂದು ಇಬ್ಬರು ಪತ್ರ ಬರೆದಿದ್ದಾರೆ. ನೀನು ಕನ್ನಡ ಅಕ್ಷರ ಕಲಿತಿದ್ದರೆ ಇದು ಆಗುತ್ತಲೇ ಇರಲಿಲ್ಲ. ನಾನು ಎಷ್ಟು ಸಲ ಕಲಿಸುತ್ತೇನೆ ಎಂದಿದ್ದೆ.

ಗುರಮ್ಮಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಶಿವಕಾಂತಾ


ನಿಲಂಗಾ
10 ಡಿಸೆಂಬರ್ 2023

ಶಿವಕಾಂತಾ,

ನಾಗನಾಥ ಸರ್ ತಪ್ಪು ಓದಿದರು, ಒಪ್ಪಿದೆ. ಅವರು ಮೂಲ ಕಾದಂಬರಿ ಓದಿದವರಲ್ಲ. ನೀನು ಓದಿದ್ದೀ. ಉದಗೀರ ಕಾಲೇಜಿನ ಗ್ರಂಥಾಲಯದಲ್ಲಿ ರಟ್ಟು ಹೋದ ಆ ಪುಸ್ತಕವನ್ನು ರದ್ದಿಯ ರಾಶಿಯಿಂದ ಎಳೆದವಳೇ ನೀನು. ಪುಸ್ತಕದ ಹೆಸರು, ಬರೆದವರ ಹೆಸರು ತಿಳಿಯಲು ನಮಗೆ ಒಂದು ವರ್ಷ ಹಿಡಿಯಿತು, ಅಲ್ಲಿಯವರೆಗೆ ಅದನ್ನು ‘ಟಿಲ್ಡಾ’ ಎಂದೇ ಕರೆದೆವು. ಕಿಲ್ಲೆಯ ಗೋಡೆಯ ನೆರಳಿನಲ್ಲಿ ಏಳನೇ ಅಧ್ಯಾಯ ಓದಿದ ದಿನ ನೀನು ಡಬ್ಬಿ ಬಿಚ್ಚಲಿಲ್ಲ. ನಾನು ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದರೂ ಗೊತ್ತಿತ್ತು.

ಇನ್ನೊಂದು. ವಹಿಯ ನಕಲು ನನ್ನ ಹತ್ತಿರವೂ ಇದೆ, ನಮ್ಮದು ಝೆರಾಕ್ಸ್ ಅಂಗಡಿ ಎಂಬುದನ್ನು ನೀನು ಮರೆತೆ. ‘ಮರಿಗೆ ತೊಡಿಸಿದಳು’ ಎನ್ನುವುದಕ್ಕೆ ಮೊದಲು ಇನ್ನೊಂದು ವಾಕ್ಯವಿದೆ: ‘ತೊಗಲು ಸುಲಿದಳು.’ ನಿನ್ನ ಸಂಚಿಕೆಯಲ್ಲಿ ಅದಿಲ್ಲ. ಅನುಸೂಯಾಬಾಯಿಯವರಿಂದ ಮೂರು ಸಲ ಹುಡುಕಿಸಿದೆ. ಒಕಾರ ಗಿಡ್ಡವೋ ಉದ್ದವೋ, ಇಡೀ ವಾಕ್ಯವನ್ನು ಯಾವ ಲಿಪಿ ನುಂಗಿತು, ಹೇಳು.

ಬೇಡವೆಂದರೂ ಇದನ್ನು ಬರೆಯಬೇಕಾಗಿದೆ. ಕೊನೆಯ ವರ್ಷ ನೀನು ನಮ್ಮ ಕುರಿದೊಡ್ಡಿ ನೋಡಲು ಬಂದಿದ್ದೆ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡುತ್ತೇನೆ ಎಂದು ನೀನೇ ಹಟ ಹಿಡಿದಿದ್ದೆ. ಹಿಂಡು ಆಗ ಉಮರಗಾ ದಾರಿಯ ಒಂದು ಹೊಲದಲ್ಲಿತ್ತು. ಅಜ್ಜಿ ಮೂರು ಕಲ್ಲಿನ ಒಲೆಯ ಮೇಲೆ ಚಹಾ ಮಾಡಿ, ಇದ್ದುದರಲ್ಲಿ ಹೊಸ ಕಪ್ಪಿಗೆ ಹಾಕಿ ಕೊಟ್ಟಳು. ನೀನು “ಸೋಮವಾರ ಅದ ಅಜ್ಜಿ, ಉಪವಾಸ ಇದ್ದೀನಿ” ಎಂದೆ. ಆವತ್ತು ಗುರುವಾರ. ನೀನು ಹೋದ ಮೇಲೆ ಅಜ್ಜಿ ಆ ಚಹಾವನ್ನು ತಾನೇ ಕುಡಿದಳು. “ಉಪಾಸ ಇದ್ದಿದ್ದೀತು ಬಿಡು,” ಎಂದಳು. “ಶ್ಯಾಣೇ ಹುಡುಗಿ ಅದ. ವಾರ ತಪ್ಪಿರಬೇಕು.”

ಈಗಲೂ ಅಕ್ಷರ ತಪ್ಪಿತು ಎನ್ನುತ್ತೀ.

ಕಾದಂಬರಿಯಲ್ಲಿ ಇದನ್ನೆಲ್ಲ ಓದಿ ಪ್ರೀತಿಸುವುದು ನಿನಗೆ ಸಲೀಸು. ಅದು ಅಮೆರಿಕದ ಕುರಿ, ಅಮೆರಿಕದ ತೊಗಲು, ಇಂಗ್ಲಿಷಿನಲ್ಲಿ ಅದಕ್ಕೆ ನಾತವಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಅದು ನಮ್ಮ ದೊಡ್ಡಿಯದಾಯಿತು.

ನನ್ನ ಹೆಸರು ತೆಗೆಸು.

ಮನಿಷಾ


ಉದಗೀರ
8 ಜನವರಿ 2024

ಮನಿಷಾ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಆ ವಾಕ್ಯವನ್ನು ತೆಗೆದದ್ದು ನಾನು.

ಕರಡು ಬಂದಾಗ ರಜೆಗೆಂದು ಊರಿಗೆ ಬಂದಿದ್ದೆ. ಅದರಲ್ಲಿ ಮೊದಲು ‘ತೊಗಲು ಸುಲಿದಳು’ ಎಂದಿತ್ತು, ಅದರ ಬೆನ್ನಿಗೇ ‘ಕುಣಿ ತೋಡಿಸಿದಳು’ ಎಂದಿತ್ತು. ಎರಡಕ್ಕೂ ಹೊಂದಿಕೆಯಿಲ್ಲ ಎಂದು ತಕ್ಷಣ ಕಂಡಿತು. ಕೈಯಲ್ಲಿ ಕೆಂಪು ಪೆನ್ನಿತ್ತು. ಒಂದು ದೀರ್ಘ ಹೊಡೆದು ‘ಕುಣಿ’ಯನ್ನು ತೆಗೆದರೆ ಸರಿಯಾಗುತ್ತಿತ್ತು. ಅಷ್ಟರಲ್ಲಿ ಅಪ್ಪ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಮಂಚದ ಮೇಲೆ ಕೂತು, “ಎಲ್ಲಿ, ನಿಂದು ಪುಸ್ತಕ ಓದಿ ತೋರಸು,” ಎಂದರು. ನಾನು ಓದುತ್ತ ಓದುತ್ತ ಆ ಸಾಲಿಗೆ ಬಂದೆ. ಬಾಯಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡಿದ್ದನ್ನು ಕೇಳಿಲ್ಲ. ಬಿಟ್ಟು ಮುಂದೆ ಓದಿದೆ. ಕುಣಿ, ಹೂವು. ಅಪ್ಪ “ಛಲೋ ಬರ್ದೀರಿ” ಎಂದರು. ಅವರು ಹೊಲಕ್ಕೆ ಹೋದ ಮೇಲೆ ದೀರ್ಘವನ್ನು ಹಾಗೇ ಬಿಟ್ಟು ವಾಕ್ಯವನ್ನು ಹೊಡೆದೆ.

ನಾಗನಾಥ ಸರ್ ಮಾಡಿದ್ದು ತಪ್ಪು. ಅದರಿಂದ ನನಗೆ ಅನುಕೂಲವಾಯಿತು.

ಗುರುವಾರದ ವಿಷಯ ನಿನಗೆ ತಿಳಿದಿಲ್ಲ ಅಂದುಕೊಂಡಿದ್ದೆ.

ಆದರೆ ಕೇಳು, ಪುಸ್ತಕದ ಮೊದಲ ಅರ್ಧ ಆಗಲೇ ಅಚ್ಚಾಗಿದೆ. ಆ ಪುಟವೂ ಅದರಲ್ಲಿ ಸೇರಿದೆ. ಕೇಳಿದರೆ ಸರ್, “ಹೋಗ್ಲಿ ಬಿಡವ್ವ, ತೊಗಲು ಗಿಗಲು ಓದುಗರಿಗೆ ಹೇಸಿಗಿ ಆಗ್ತದ, ಹಿಂಗೇ ಚಂದ ಅದ,” ಎನ್ನುತ್ತಾರೆ. ಹೆಸರಿರುವ ಪುಟ ಕೊನೆಗೆ ಅಚ್ಚಾಗುತ್ತದೆ, ಅದು ಇನ್ನೂ ಆಗಿಲ್ಲ. ನಿನ್ನ ಹೆಸರು ತೆಗೆಯಲು ಹೇಳಬೇಕೆಂದು ಮೂರು ಸಲ ಫೋನ್ ಎತ್ತಿ ಇಟ್ಟೆ. ತಿಂಗಳ ಕೊನೆಯವರೆಗೆ ಸಮಯವಿದೆ.

ಶಿವಕಾಂತಾ


ಶಿರೂರ ಅನಂತಪಾಳ ಹತ್ತಿರ, ಹೊಲದಿಂದ
23 ಜನವರಿ 2024

ಶಿವಕಾಂತಾ,

ಹಿಂಡು ಈಗ ಇಲ್ಲಿದೆ. ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಆದಿತ್ಯವಾರ ಬೆಳಗ್ಗೆ ಒಂದು ಕುರಿ ಸತ್ತ ಮರಿ ಹಾಕಿತು. ಅದಕ್ಕೆ ಎರಡು ದಿನ ಮೊದಲು ಈದ ಇನ್ನೊಂದು ಕುರಿ ಹಾವು ಕಚ್ಚಿ ಸತ್ತಿತ್ತು, ಅದರ ಮರಿ ಕಂಬಳಿಯಲ್ಲಿ ಒದರುತ್ತಿತ್ತು. ಅಜ್ಜಿ ನನ್ನ ಕೈಗೆ ಚಾಕು ಕೊಟ್ಟಳು.

ನಾನೂ ಒಂದು ಒಪ್ಪಿಕೊಳ್ಳಬೇಕು. ಇದನ್ನು ಹತ್ತು ಸಲ ನೋಡಿದ್ದೇನೆ, ಇಂಗ್ಲಿಷಿನಿಂದ ಕನ್ನಡಕ್ಕೂ ತಂದಿದ್ದೇನೆ, ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ. ಪ್ರತಿ ಸಲ ಪುಸ್ತಕ ಹಿಡಿದು ದೂರ ನಿಂತಿರುತ್ತಿದ್ದೆ.

“ಕಾಲೇಜಿನಾಕಿ, ಬಾ ಇಲ್ಲಿ,” ಎಂದಳು ಅಜ್ಜಿ. “ತಿಲಕಾಬಾಯಿ ಮಾಡಿದ್ದು ಬರೀಲಿಕ್ಕಿ ಬರ್ತದ, ಮಾಡ್ಲಿಕ್ಕಿ ಬರಲ್ಲೇನ?”

“ನಂಗ ಆಗಂಗಿಲ್ಲ ಅಜ್ಜಿ.”

“ಆ ಮರಿಗಿ ಹೇಳು ಹಂಗಂತ.”

ಹೊಟ್ಟೆಯ ಕೆಳಗೆ ಸೀಳಬೇಕು, ಆಳ ಹೋಗಬಾರದು. ಕಾಲುಗಳ ಗಂಟಿನ ಹತ್ತಿರ ಕತ್ತರಿಸಿ ಅಂಗಿ ಬಿಚ್ಚಿದಂತೆ ಎಳೆಯಬೇಕು. ಬಾಲವನ್ನು ಮಾತ್ರ ತೊಗಲಿನ ಜೊತೆಗೇ ಬಿಡಬೇಕು, ಯಾಕೆಂದರೆ ತಾಯಿ ಮೊದಲು ಮೂಸುವುದು ಅಲ್ಲೇ. ನಾನು ಮೂಲದಲ್ಲಿ ಈ ಬಾಲದ ಮಾತನ್ನು ಓದಿದ್ದೆ, ಬರಿಯ ವಿವರ ಎಂದುಕೊಂಡು ಅರ್ಧ ಸಾಲಿನಲ್ಲಿ ಮುಗಿಸಿದ್ದೆ. ಅದನ್ನು ತಿದ್ದಿದ್ದೇನೆ. ಆ ತಪ್ಪು ನನ್ನದು.

ತೊಗಲು ಇನ್ನೂ ಬೆಚ್ಚಗಿತ್ತು. ತಬ್ಬಲಿಯ ಮುಂಗಾಲುಗಳನ್ನು ಅದರ ತೂತುಗಳಲ್ಲಿ ತೂರಿಸುವಾಗ ಅಜ್ಜಿ ಹೇಳಿದಳು, “ಹಗೂರ. ಕೂಸಿಗಿ ಕುಂಚಗಿ ತೊಡಸ್ತಾರಲ್ಲ, ಹಂಗ ತೊಡಸು.”

ಆಕೆ ಹಾಕು ಎನ್ನಲಿಲ್ಲ, ಹೊದಿಸು ಎನ್ನಲಿಲ್ಲ. ತೊಡಸು ಎಂದಳು. ನಾನು ಆ ಶಬ್ದವನ್ನು ಎಲ್ಲಿಂದ ತಂದಿದ್ದೆ ಎಂದು ನನಗೇ ಮರೆತುಹೋಗಿತ್ತು.

ಕುರಿ ಮೊದಲು ಕಾಲು ಕುಟ್ಟಿತು. ಬಂದು ಬಾಲ ಮೂಸಿತು. ಮತ್ತೆ ಮೂಸಿತು. ಗಂಟಲೊಳಗೆ ಒಂದು ಸಣ್ಣ ಸದ್ದು ಮಾಡಿ ಸುಮ್ಮನೆ ನಿಂತಿತು. ಮರಿ ಮೊಲೆಗೆ ಬಾಯಿ ಹಾಕಿತು. ಮೂರು ದಿನದ ಮೇಲೆ ತೊಗಲು ತೆಗೆಯುತ್ತಾರೆ. ಅಷ್ಟರೊಳಗೆ ತಾಯಿಗೆ ತನ್ನ ಹಾಲಿನದೇ ವಾಸನೆ ಮರಿಯ ಮೈಯಲ್ಲಿ ಸಿಗುತ್ತದಂತೆ.

ನಾನು ಅಳಲಿಲ್ಲ. ಮೂರನೇ ಸಿನಿಮಾದವನಿಗೆ ಹೇಳಬೇಕಿತ್ತು, ಅಳಲು ಕೈಗೆ ಬಿಡುವಿರುವುದಿಲ್ಲ ಎಂದು.

ಈ ಕಾಗದದ ಜೊತೆ ಒಂದು ಪುಟ ಇಟ್ಟಿದ್ದೇನೆ. ಡಿಸೆಂಬರಿನಿಂದ ಅನುಸೂಯಾಬಾಯಿಯವರ ಹತ್ತಿರ ಕನ್ನಡ ಅಕ್ಷರ ತಿದ್ದುತ್ತಿದ್ದೇನೆ, ನೀನು ಕೆಣಕಿದ್ದಕ್ಕೇ. ಆ ಭಾಗವನ್ನು ಹೊಸದಾಗಿ, ಕನ್ನಡ ಲಿಪಿಯಲ್ಲಿ, ನನ್ನ ಕೈಯಾರೆ ಬರೆದಿದ್ದೇನೆ. ಅಕ್ಷರ ಸೊಟ್ಟಗಿವೆ. ‘ತೊ’ಗೆ ದೀರ್ಘವಿಲ್ಲ. ಇನ್ನು ತಪ್ಪನ್ನು ಲಿಪಿಯ ಮೇಲೆ ಹಾಕಲು ಬರುವುದಿಲ್ಲ.

ಇದನ್ನು ಅಚ್ಚು ಮಾಡುವುದಾದರೆ ನನ್ನ ಹೆಸರಿರಲಿ. ಇಲ್ಲವೆಂದರೆ ಫೋನ್ ಎತ್ತು.

ಮನಿಷಾ


ಉದಗೀರ
25 ಫೆಬ್ರುವರಿ 2024

ಮನಿಷಾ,

ನಿನ್ನ ಪುಟವನ್ನು ಅಪ್ಪನ ಮುಂದೆ ಓದಿದೆ. ಅದೇ ಮಂಚ, ಅದೇ ಬೆಳಗಿನ ಹೊತ್ತು. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ.

ನಾನು ಎದ್ದು ಹೋಗಬೇಕು ಅನ್ನುವಾಗ ಅಪ್ಪ ಕೇಳಿದರು:

“ಹ್ವಾದ ಸಲ ಇದು ಇರಲಿಲ್ಲಲ್ಲ?”

“ನಾ ಬಿಟ್ಟಿದ್ದೆ ಅಪ್ಪ.”

“ಯಾಕ?”

“ನಿಮ್ಮ ಮುಂದ ಹ್ಯಾಂಗ ಓದೋದು ಅಂತ.”

ಅಪ್ಪ ನನ್ನನ್ನು ನೋಡಲಿಲ್ಲ, ಅಂಗಳದ ಕಡೆ ನೋಡಿದರು. “ನಿಮ್ಮಜ್ಜಿ ಕಾಲಕ್ಕ ದೇವಣಿ ಹೊಲದಾಗ ಒಂದು ಆಕಳ ಇತ್ತು. ನಾ ಸಣ್ಣಾಂವ. ಅದರ ಕರ ಸತ್ತಿತು, ಆಕಳ ಹಾಲ ಇಳಸವಲ್ದು. ನಮ್ಮವ್ವ ಆ ಕರದ ತೊಗಲು ತರಿಸಿ, ಒಳಗ ಹೊಟ್ಟು ತುಂಬಿ ಹೊಲದು, ನಾಕು ಕಟಗಿ ಕಾಲು ಹಚ್ಚಿ, ಆಕಳ ಮುಂದ ನಿಲ್ಲಿಸ್ತಿದ್ಳು. ಆಕಳ ಅದಕ್ಕ ನೆಕ್ಕತಿತ್ತು, ನಮ್ಮವ್ವ ಹಿಂಡತಿದ್ಳು. ಆ ಹಾಲು ಯಾರು ಕುಡದಾರ? ನಾ ಕುಡದೀನಿ. ದೇವರಿಗಿ ಅಭಿಷೇಕನೂ ಅದರದೇ ಆಗ್ಯದ.” ಮತ್ತೆ ಅಂದರು, “ಮನಿಯಾಗ ಯಾರೂ ಆ ಮಾತ ಎತ್ತಲಿಲ್ಲ ನೋಡು. ಎಲ್ಲಾರೂ ಹಾಲಷ್ಟೇ ಕುಡದ್ವಿ.”

ಆಮೇಲೆ ನಿನ್ನ ಪುಟ ಈಸಿಕೊಂಡು ತಾವೇ ಮತ್ತೊಮ್ಮೆ ಓದಿದರು. “ಈ ಹುಡುಗಿ ಅಕ್ಷರ ಭಾಳ ಸೊಟ್ಟ ಅವ. ಯಾರು?” ಎಂದರು. ಹೇಳಿದೆ. ನಮ್ಮ ಮನೆಯಲ್ಲಿ ನಿನ್ನ ಪೂರ್ತಿ ಹೆಸರನ್ನು, ನಿನ್ನ ಅಜ್ಜಿಯ ಹೆಸರನ್ನು, ಗುರುವಾರದ ಚಹಾದ ಕಥೆಯನ್ನು ನಾನು ಹೇಳಿದ್ದು ಅದೇ ಮೊದಲು. ಬೈಸಿಕೊಂಡೆ. ಏನು ಬೈದರು ಎಂದು ಬರೆಯುವುದಿಲ್ಲ.

ನಾಗನಾಥ ಸರ್ ಹೊಸದಾಗಿ ಅಚ್ಚು ಮಾಡಲು ಒಪ್ಪಲಿಲ್ಲ. ಹಾಗಾದರೆ ಆ ಭಾಗದ ಅಳತೆಗೆ ಒಂದು ಚೀಟಿಯನ್ನಾದರೂ ಅಚ್ಚು ಮಾಡಿಕೊಡಿ, ಇಲ್ಲದಿದ್ದರೆ ನನ್ನ ಹೆಸರೂ ಬೇಡ ಎಂದೆ. ಎರಡು ಹೆಸರೂ ಹೋದರೆ ಪುಸ್ತಕ ಯಾರದು ಎಂದು ಯೋಚಿಸಿದರೋ ಏನೋ, ಮಾಡಿಕೊಟ್ಟರು. ಮುನ್ನೂರು ಪ್ರತಿಗಳ ಗಂಟು ನಮ್ಮ ಪಡಸಾಲೆಯಲ್ಲಿದೆ. ನಾನು ಗೋಂದು ಹಚ್ಚುತ್ತೇನೆ, ಅಪ್ಪ ಅಂಟಿಸಿ ಅಂಗೈಯಿಂದ ಒತ್ತುತ್ತಾರೆ. ಕುಣಿಯೂ ಹೂವೂ ಕೆಳಗೆ ಉಳಿದಿವೆ, ಮೇಲೆ ನಿನ್ನ ಸಾಲುಗಳಿವೆ. ಮೊದಲ ಪ್ರತಿಯನ್ನು ಗುರಮ್ಮಜ್ಜಿಗೆ ಕಳಿಸುತ್ತಿದ್ದೇನೆ.

ಬಾ ಎಂದು ನೀನು ಕರೆದಿಲ್ಲ. ಕರೆಯಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಶಿವಕಾಂತಾ


ನಿಲಂಗಾ
21 ಮಾರ್ಚ್ 2024

ಶಿವಕಾಂತಾ,

ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದು ಸಾಲಿಗೆ ಐದು ನಿಮಿಷ ಹಿಡಿಯುತ್ತದೆ, ಆದ್ದರಿಂದ ಬೈಗುಳಕ್ಕೆ ಜಾಗ ಕಡಿಮೆ.

ಪುಸ್ತಕ ಬಂತು. ಅಂಗಡಿಯ ಮೆಟ್ಟಿಲ ಮೇಲೆ ನಾನೇ ಓದಿದೆ, ಬೆರಳಿಟ್ಟು, ತಡೆದು ತಡೆದು. ಎಡವಿದಲ್ಲಿ ಅನುಸೂಯಾಬಾಯಿ ಎತ್ತಿಕೊಟ್ಟರು. ಬಾಲದ ಸಾಲು ಬಂದಾಗ ಅಜ್ಜಿ “ಈಗ ಬರಾಬರ ಆಯ್ತು” ಎಂದಳು. ಪುಸ್ತಕ ಈಸಿಕೊಂಡು ಚೀಟಿಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದಳು. ಅದು ಯಾಕೆ ದಪ್ಪವಿದೆ ಎಂದು ಹೇಳಿದೆ, ಕೆಳಗೆ ಏನಿದೆ ಎಂದೂ ಹೇಳಿದೆ. ಪುಸ್ತಕವನ್ನು ಮೂಗಿನ ಹತ್ತಿರ ಒಯ್ದು ಮೂಸಿದಳು. “ಗೋಂದಿನ ವಾಸ್ನಿ ಬರ್ತದ,” ಎಂದಳು. “ಇರಲಿ, ನಾಕು ದಿನಕ್ಕ ಹೋಗ್ತದ.”

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ನಿನ್ನ ಅಪ್ಪ ಹೇಳದೇ ಇದ್ದಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ದಿನವೂ ಯೋಚಿಸುತ್ತೇನೆ. ಅದಕ್ಕೆ ಉತ್ತರ ಬರೆಯಬೇಡ. ಆದರೆ ಅವರ ಮುಂದೆ ಮೊದಲು ಓದಿದವಳು ನೀನು, ಅವರು ಹೇಳಿದ್ದು ಆಮೇಲೆ. ಅದನ್ನೂ ಯೋಚಿಸುತ್ತೇನೆ.

ಮೊಬೈಲಿನಲ್ಲಿ ನೋಡಿದೆ, ಟಿಲ್ಡಾಳ ಮೇಲೆ ನಾಲ್ಕನೇ ಸಿನಿಮಾ ಬರುತ್ತದಂತೆ. ಕುರಿಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರಂತೆ. ಅದನ್ನು ನಾನು ಒಬ್ಬಳೇ ಬೈಯಲಾರೆ.

ಹಿಂಡು ಯುಗಾದಿಯವರೆಗೆ ಶಿರೂರ ಅನಂತಪಾಳದ ಹೊಲದಲ್ಲೇ ಇರುತ್ತದೆ. ಆ ಮರಿಗೆ ಈಗ ತನ್ನದೇ ಉಣ್ಣೆ ಬಂದಿದೆ. ಬಾ ಎಂದು ಕರೆಯುತ್ತಿದ್ದೇನೆ. ಅಜ್ಜಿ ಹೊಸ ಕಪ್ಪು ಒರೆಸಿ ಇಟ್ಟಿದ್ದಾಳೆ. ಯಾವ ವಾರ ಬರುತ್ತೀ ಎಂದು ಬರೆ, ಗುರುವಾರವಾದರೆ ಒಳ್ಳೆಯದು.

ನಿನ್ನ
ಮನಿಷಾ